ಜಿಪ್ಸಿ ಮುಂದಿನ ಆಕ್ಸಲ್ ಜಾಯಿಂಟ್: ಮಳೆ ನಿಂತ ಮೇಲೆ ಮನೆಯಲ್ಲೇ ಬಿಚ್ಚಿ ನೋಡುವುದು

ನಾಪೋಕ್ಲು ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ಮುಂದಿನ ಆಕ್ಸಲ್ ಜಾಯಿಂಟ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗಲೂ ಮುಂದಿನ ಚಕ್ರಕ್ಕೆ ಶಕ್ತಿ ತಲುಪಿಸುವ ಬಗ್ಗುವ ಕೀಲು, ಅದರ ಬಗ್ಗೆ ಇಲ್ಲಿ ಆಗಾಗ ಪ್ರಶ್ನೆ ಬರುತ್ತಲೇ ಇರುತ್ತದೆ. ಎಲ್ಲ ಒಂದೇ ಕಡೆ ಬರೆದಿಟ್ಟರೆ ಹುಡುಕುವವರಿಗೆ ಅನುಕೂಲ ಅಂತ ಬರೆಯುತ್ತಿದ್ದೇನೆ. ನನ್ನದು ತೋಟದ ಜಿಪ್ಸಿ, ಮಾರುತಿಯ ಫೋರ್ ವೀಲ್ ಗಾಡಿ, 1300 ಸಿಸಿಯದ್ದು. ಕೆಲಸದವರ ಲೈನ್ ಮನೆಗೆ ಅಕ್ಕಿ, ತೋಟಕ್ಕೆ ಗೊಬ್ಬರ, ಕಣಕ್ಕೆ ಕಾಫಿ ಮೂಟೆ, ಎಲ್ಲ ಅದರಲ್ಲೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕೊಡಗಿನ ಕಡೆ ಈ ಜಾಯಿಂಟ್ ಭಾರ ಎಳೆದು ಮುರಿಯುವುದು ಅಪರೂಪ. ಅದನ್ನು ತಿಂದು ಹಾಕುವುದು ನೀರು ಮತ್ತು ಕೆಂಪು ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಡು (ಸಣ್ಣ ಹಳ್ಳ) ದಾಟಿಸುತ್ತೇವೆ, ಕೆಸರಿನಲ್ಲಿ ಓಡಿಸುತ್ತೇವೆ. ಆಯುಧಪೂಜೆ ಬಂತು ಅಂತ ಪ್ರೆಶರ್ ಪಂಪಿನಲ್ಲಿ ತೊಳೆಸುತ್ತೇವೆ. ಹಾಗೇ ಕುಯ್ಲಿಗೆ ಇಳಿಸುತ್ತೇವೆ. ಹೊರಗೆ ಗಾಡಿ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ನೀರು ಕೂತಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಕುಯ್ಲು ಶುರುವಾಗುವ ಮೊದಲು ಬಿಚ್ಚಿ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೀಲ್ ಕಿಟ್ಟು, ಗ್ರೀಸು ಎರಡರ ಖರ್ಚು ಸೇರಿಸಿದರೂ ಒಂದು ಹೊಸ ಜಾಯಿಂಟಿನ ಬೆಲೆಯ ಹತ್ತಿರಕ್ಕೆ ಬರುವುದಿಲ್ಲ.

ಒಳಗೆ ಏನಿದೆ ಅಂತ ಗೊತ್ತಿದ್ದರೆ ಕೆಲಸ ಸಲೀಸು. ಜಿಪ್ಸಿಯದ್ದು ಲೀಫ್ ಸ್ಪ್ರಿಂಗಿಗೆ ಕಟ್ಟಿದ ಗಟ್ಟಿ ಆಕ್ಸಲ್. ಅದರ ಹೊರಗಿನ ಕೊಳವೆ, ಅಂದರೆ ಹೌಸಿಂಗಿನ ಎರಡೂ ತುದಿಯಲ್ಲಿ ಟೊಳ್ಳಾದ ಕಬ್ಬಿಣದ ಗುಂಡು ಇದೆ. ಅದನ್ನು ಹೊರಗಿನಿಂದ ತಬ್ಬಿಕೊಂಡಿರುವುದು ನಕಲ್, ಚಕ್ರವನ್ನು ಹೊರುವ ಭಾಗ. ಮೇಲೊಂದು, ಕೆಳಗೊಂದು ಕಿಂಗ್ ಪಿನ್. ಅವುಗಳ ಬೇರಿಂಗ್ ಮೇಲೆ ನಕಲ್ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಆಕ್ಸಲ್ ಶಾಫ್ಟು ಗುಂಡಿನ ಒಳಗಿಂದ ಹಾದು ಚಕ್ರಕ್ಕೆ ಬರುತ್ತದೆ. ಚಕ್ರ ತಿರುಗಿದರೆ ಶಾಫ್ಟೂ ಬಗ್ಗಬೇಕು ಅಲ್ವಾ? ಆ ಬಗ್ಗುವ ಜಾಗದಲ್ಲಿ ಬರ್ಫೀಲ್ಡ್ ಜಾಯಿಂಟ್ ಕೂತಿದೆ. ಹೊರಗೆ ಗಂಟೆಯಾಕಾರದ ದಪ್ಪ ಉಕ್ಕಿನ ಬೆಲ್, ಒಳಗೆ ಗೋಲಿ ಓಡಲು ಸಾಲು ಕೊರೆದ ರೇಸ್, ನಡುವೆ ಕೇಜಿನಲ್ಲಿ (ಗೋಲಿ ಹಿಡಿಯುವ ಚೌಕಟ್ಟು) ಆರು ಉಕ್ಕಿನ ಗೋಲಿ. ಶಾಫ್ಟು ಎಷ್ಟೇ ಬಗ್ಗಲಿ, ಗೋಲಿಗಳು ಆ ಕೋನದ ಸರಿಯಾದ ಅರ್ಧದಲ್ಲೇ ನಿಲ್ಲುತ್ತವೆ. ಅದರಿಂದಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೂ ಚಕ್ರ ಜರ್ಕ್ ಇಲ್ಲದೆ ಸುತ್ತುತ್ತದೆ.

ಇದನ್ನೆಲ್ಲ ಕಾಯುವುದು ಎರಡು ಸೀಲು. ಒಂದು ಗುಂಡಿನ ಹಿಂಬದಿಯಲ್ಲಿ: ರಬ್ಬರ್ ಸೀಲ್, ಫೆಲ್ಟ್ (ದಪ್ಪ ಬಟ್ಟೆಯ ಪಟ್ಟಿ), ಅದನ್ನು ಒತ್ತಿ ಹಿಡಿಯುವ ಎರಡು ತುಂಡಿನ ತಗಡು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಇದು ಗುಂಡಿನ ಮೈ ಒರೆಸುತ್ತದೆ. ಇನ್ನೊಂದು ಹೌಸಿಂಗ್ ಕೊಳವೆಯ ಬಾಯಲ್ಲಿ ಕೂತಿರುವ ಆಯಿಲ್ ಸೀಲ್. ಡಿಫರೆನ್ಷಿಯಲ್ (ಎರಡೂ ಬದಿಗೆ ಶಕ್ತಿ ಹಂಚುವ ಗೇರ್ ಗುಂಪು) ಆಯಿಲ್ ಗುಂಡಿಗೆ ನುಗ್ಗದಂತೆ ತಡೆಯುವುದು ಇದೇ. ಗುಂಡಿನ ಹಿಂದಿನಿಂದ ನೀರಾದ, ಕಪ್ಪಾದ ಗ್ರೀಸ್ ಸೋರಿ ಚಕ್ರದ ಒಳಬದಿಗೆ ಬರುತ್ತಿದ್ದರೆ ಈ ಒಳಗಿನ ಸೀಲ್ ಹೋಗಿದೆ ಅಂತ ತಿಳಿಯಿರಿ. ಗೇರ್ ಆಯಿಲ್ ಬಂದು ಗ್ರೀಸನ್ನು ತೊಳೆದು ಹಾಕುತ್ತಿರುತ್ತದೆ. ಹೊರಗಿನ ಸೀಲ್ ಮಾತ್ರ ಬದಲಿಸಿದರೆ ಅದು ನಿಲ್ಲುವುದಿಲ್ಲ.

ಬಿಚ್ಚುವ ವಿಚಾರ ಮುಂದಿನ ಪೋಸ್ಟಿನಲ್ಲಿ ಬರೆಯುತ್ತೇನೆ.

ಕುಶಾಲನಗರ ಹೊಸಬ:

ಅಣ್ಣ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಈಗಷ್ಟೇ ಹಳೇ ಜಿಪ್ಸಿ ತಗೊಂಡಿದ್ದೇನೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನಿಂದ ಕಟಕಟ ಅನ್ನುತ್ತದೆ. ಇದು ಜಾಯಿಂಟೇನಾ? ಬಿಚ್ಚದೆ ಹೇಗೆ ಗೊತ್ತು ಮಾಡುವುದು?

ಗೋಣಿಕೊಪ್ಪ ಮೆಕ್ಯಾನಿಕ್:

ಹೊಸಬರಿಗೆ ನಾನು ಹೇಳುತ್ತೇನೆ. ಗದ್ದೆ ಅಥವಾ ಮೆತ್ತಗಿನ ಮಣ್ಣಿಗೆ ಗಾಡಿ ತಗೊಂಡು ಹೋಗಿ. ಮುಂದಿನ ಹಬ್ (ಚಕ್ರದ ನಡುವಿನ ಭಾಗ) ಶಾಫ್ಟಿಗೆ ಸೇರುವಂತೆ ಲಾಕ್ ಮಾಡಿ, ಫೋರ್ ವೀಲ್ ಹಾಕಿ, ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಪೂರ್ತಿ ಎಡಕ್ಕೆ ಒಂದು ಸುತ್ತು, ಪೂರ್ತಿ ಬಲಕ್ಕೆ ಒಂದು ಸುತ್ತು ಹೊಡೆಯಿರಿ. ಚಕ್ರದ ವೇಗಕ್ಕೆ ಸರಿಯಾಗಿ ಟಕ್ ಟಕ್ ಬಂದರೆ ಜಾಯಿಂಟ್. ಹಬ್ ಫ್ರೀ ಮಾಡಿ ಟೂ ವೀಲ್‌ನಲ್ಲೂ ಅದೇ ಶಬ್ದ ಬಂದರೆ ಬೇರೆ ಕಡೆ ಹುಡುಕಿ, ಆಗ ಜಾಯಿಂಟಿನ ಮೇಲೆ ಭಾರವೇ ಇರುವುದಿಲ್ಲ.

ಈ ಪರೀಕ್ಷೆಯನ್ನು ದಯವಿಟ್ಟು ಡಾಂಬರು ರಸ್ತೆಯಲ್ಲಿ ಮಾಡಬೇಡಿ. ಈ ಗಾಡಿಯಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು. ಮಣ್ಣಾದರೆ ಚಕ್ರ ಜಾರಿ ಸರಿ ಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿಯೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ನಮ್ಮ ಗ್ಯಾರೇಜಿಗೆ ಬೆಲ್ ಬಿರಿದು ಬರುವ ಗಾಡಿಗಳು ಹೆಚ್ಚಾಗಿ ಹೀಗೆ ಘಟ್ಟದ ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸಿದವೇ.

ಇನ್ನೊಂದು. ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಕಂಡರೆ ಯಾರಿಗಾದರೂ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ತುಳಿದಾಗ ಆಟ ಹೋದರೆ ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಬೇರಿಂಗ್. ಹೊಂಡ ಹಾರಿದ ಮೇಲೆ ಸ್ಟೇರಿಂಗ್ ಗಡಗಡ ನಡುಗುತ್ತದೆ ಅನ್ನುವವರು ಮೊದಲು ಇದನ್ನು ನೋಡಿ, ಆಮೇಲೆ ಟೈ ರಾಡ್ ಎಂಡ್ (ಸ್ಟೇರಿಂಗ್ ಕಂಬಿಯ ತುದಿಯ ಕೀಲು) ನೋಡಿ.

ನಾಪೋಕ್ಲು ಜಿಪ್ಸಿ:

ಮೆಕ್ಯಾನಿಕ್ ಅಣ್ಣ, ಬ್ರೇಕ್ ತುಳಿದು ನೋಡುವ ವಿಷಯ ಹೇಳಿದ್ದು ಒಳ್ಳೆಯದಾಯಿತು. ಈಗ ಬಿಚ್ಚುವುದಕ್ಕೆ ಬರೋಣ.

ಜಾಗ ಮೊದಲು. ಮಳೆ ಕುಡಿದ ಅಂಗಳದಲ್ಲಿ ಜಾಕ್ ಇಡಲೇಬೇಡಿ, ಮಣ್ಣು ಇನ್ನೂ ಮೆತ್ತಗಿರುತ್ತದೆ, ಜಾಕ್ ಓರೆಯಾಗಿ ಇಳಿಯುತ್ತದೆ. ಅಕ್ಟೋಬರ್‌ನಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಸಿಮೆಂಟಿನ ಕಣಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಕಣ ಇಲ್ಲದವರು ದಪ್ಪ ಸಿಲ್ವರ್ ಓಕ್ ಮರದ ಹಲಗೆ ಹಾಕಿ ಅದರ ಮೇಲೆ ಜಾಕ್ ಇಡಿ. ಹಿಂದಿನ ಚಕ್ರ ಉರುಳದಂತೆ ಎರಡೂ ಕಡೆ ಕಟ್ಟೆ ಕೊಡಿ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಗಾಡಿ ಕೂರಿಸಿಯೇ ಮುಂದಿನ ಕೆಲಸ. ಜಾಕ್ ನಂಬಿ ಕೆಳಗೆ ಕೈ ಹಾಕುವುದು ಬೇಡ. ಕಣದ ಸಿಮೆಂಟಿಗೆ ಎಣ್ಣೆ ತಾಗಿದರೆ ಮುಂದೆ ಅದು ಕಾಫಿಗೆ ಹಿಡಿಯುತ್ತದೆ, ಹಾಗಾಗಿ ದಪ್ಪ ಟಾರ್ಪಾಲಿನ್ ಹಾಸಿಕೊಳ್ಳಿ.

ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಹೋಗಿ. ಎಲ್ಲಿ ಏನಿತ್ತು ಅಂತ ಅನುಮಾನ ಬಂದರೆ ಬಿಚ್ಚದ ಬದಿ ನೋಡಿದರೆ ಸಾಕು. ಎಡ ಬಲದ ಶಾಫ್ಟಿನ ಉದ್ದವೂ ಬೇರೆ ಬೇರೆ.

ಬಿಚ್ಚುವ ಮೊದಲು ನಕಲ್ ಸುತ್ತ ಬ್ರಶ್ ಹಾಕಿ ಒಣ ಮಣ್ಣೆಲ್ಲ ಉದುರಿಸಿ ಒರೆಸಿ. ಆಮೇಲೆ ಚಕ್ರ ತೆಗೆಯಿರಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿ. ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ಪೈಪಿನ ಒಳಗಿನ ಪದರ ಹರಿದರೆ ಹೊರಗಿನಿಂದ ಕಾಣುವುದೂ ಇಲ್ಲ. ಹಬ್ಬಿನ ಕ್ಯಾಪ್ ತೆಗೆದರೆ ಶಾಫ್ಟಿನ ತುದಿಯಲ್ಲಿ ಸರ್ಕ್ಲಿಪ್ (ಬಳೆಯಂಥ ಕ್ಲಿಪ್) ಸಿಗುತ್ತದೆ. ಅದು ಬಂದ ಮೇಲೆ ಲಾಕ್ ವಾಷರ್ ಬಿಡಿಸಿ, ಬೇರಿಂಗ್ ನಟ್ಟು ಬಿಚ್ಚಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ನಟ್ಟು ತಿರುಗಿಸುವುದು ಕೆಲವು ಕಡೆ ರೂಢಿ. ಅದು ಬೇಡ. ಅದಕ್ಕಾಗಿಯೇ ಬರುವ ಬಾಕ್ಸ್ ಸ್ಪ್ಯಾನರ್ ಒಮ್ಮೆ ತಗೊಂಡರೆ ಗಾಡಿ ಇರುವಷ್ಟು ದಿನ ಬರುತ್ತದೆ. ಹಬ್ ಎಳೆಯುವಾಗ ಹೊರಗಿನ ಬೇರಿಂಗ್ ಜಾರಿ ಬೀಳುತ್ತದೆ, ಹೆಬ್ಬೆರಳು ಒತ್ತಿ ಹಿಡಿದುಕೊಳ್ಳಿ.

ಈಗ ಸ್ಟಬ್ ಆಕ್ಸಲ್‌ನ (ಹಬ್ ಕೂರುವ ಟೊಳ್ಳು ತುಂಡು) ಬೋಲ್ಟುಗಳು. ಅವು ಬಂದ ಮೇಲೆ ಸ್ಟಬ್ಬನ್ನು ಮೆತ್ತಗಿನ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಸಡಿಲ ಮಾಡಿ. ಕೆಳಗೆ ಒಂದು ಟ್ರೇ ಇಡಿ, ಶಾಫ್ಟು ಎಳೆದಾಗ ಡಿಫರೆನ್ಷಿಯಲ್ ಆಯಿಲ್ ಸ್ವಲ್ಪ ಬರುತ್ತದೆ. ಶಾಫ್ಟನ್ನು ಎರಡೂ ಕೈಯಲ್ಲಿ ಮಟ್ಟವಾಗಿ ಹಿಡಿದು ನೇರಕ್ಕೆ ಎಳೆಯಿರಿ. ಓರೆ ಮಾಡಿದರೆ ಹಲ್ಲು ತಾಗಿ ಒಳಗಿನ ಸೀಲಿನ ತುಟಿ ಕೀಳುತ್ತದೆ.

ಶಾಫ್ಟು ಕೈಗೆ ಬಂದ ಕ್ಷಣದಲ್ಲೇ ಅರ್ಧ ಸುದ್ದಿ ಗೊತ್ತಾಗುತ್ತದೆ. ಗ್ರೀಸ್ ಬೆರಳಲ್ಲಿ ತೆಗೆದು ಉಜ್ಜಿ ನೋಡಿ. ಕಪ್ಪಗೆ, ನುಣ್ಣಗೆ, ಅಂಟಾಗಿ ಇದ್ದರೆ ಎಲ್ಲ ಸರಿ ಇದೆ. ಬೂದು ಬಣ್ಣಕ್ಕೆ ತಿರುಗಿ ಮಜ್ಜಿಗೆಯ ಹಾಗೆ ಒಡೆದಿದ್ದರೆ ನೀರು ಹೋಗಿದೆ. ಬೆರಳಿಗೆ ಚುರುಚುರು ಅಂದರೆ ಮಣ್ಣು. ಕಂದು ಬಣ್ಣ ಇದ್ದರೆ ತುಕ್ಕು ಆಗಲೇ ಶುರುವಾಗಿದೆ. ನನ್ನ ಗಾಡಿಯಲ್ಲಿ ಈ ಸಲ ಎಡಗಡೆ ಗ್ರೀಸ್ ಹಾಗೇ ಕಪ್ಪಗಿತ್ತು. ಬಲಗಡೆ ಬೂದು ಬಣ್ಣ. ಕಾರಣ ನೋಡಿದರೆ ಬಲಗಡೆಯ ಗುಂಡಿನ ಕೆಳಭಾಗದಲ್ಲಿ ತುಕ್ಕು ತಿಂದ ಸಣ್ಣ ಸಣ್ಣ ಗುಳಿ, ಅದರ ಮೇಲೆ ಓಡಿ ಓಡಿ ಸೀಲಿನ ಅಂಚು ಗರಗಸದ ಹಲ್ಲಿನಷ್ಟು ಒರಟಾಗಿತ್ತು. ಹೊಸ ಸೀಲ್ ಹಾಕುವ ಮೊದಲು ಗುಂಡನ್ನು 400ರ ವಾಟರ್ ಪೇಪರಿನಲ್ಲಿ ಉಜ್ಜಿ, ಬೆರಳು ಓಡಿಸಿದರೆ ಎಲ್ಲೂ ತಡೆಯದಷ್ಟು ನುಣ್ಣಗೆ ಮಾಡಿದೆ.

ಜಾಯಿಂಟನ್ನು ಡೀಸೆಲ್ ತುಂಬಿದ ಡಬ್ಬದಲ್ಲಿ ಮುಳುಗಿಸಿ ಆಡಿಸಿ ತೊಳೆಯಿರಿ. ಕೊನೆಗೆ ಹೊಸ ಡೀಸೆಲ್‌ನಲ್ಲಿ ಒಮ್ಮೆ. ಪೆಟ್ರೋಲ್ ಬೇಡ, ಅದರಲ್ಲೂ ಶೆಡ್ಡಿನ ಒಳಗೆ ಬೇಡವೇ ಬೇಡ. ಒಣಗಿದ ಮೇಲೆ ಬೆಳಕಿಗೆ ಹಿಡಿದು, ಶಾಫ್ಟನ್ನು ಪೂರ್ತಿ ಬಗ್ಗಿಸಿ ಒಂದೊಂದೇ ಗೋಲಿ, ಒಂದೊಂದೇ ಸಾಲು ನೋಡಿ. ಹೊಳೆಯುವ ಗೆರೆ ಇದ್ದರೆ ಪರವಾಗಿಲ್ಲ, ಅದು ಓಡಿದ ದಾರಿ. ಉಗುರು ಸಿಕ್ಕಿಕೊಳ್ಳುವ ಗುಳಿ ಇದ್ದರೆ, ಕೇಜಿನಲ್ಲಿ ಬಿರುಕಿದ್ದರೆ, ಉಕ್ಕು ನೀಲಿಗೆ ತಿರುಗಿದ್ದರೆ ಆ ಜಾಯಿಂಟ್ ಬದಲಿಸಿ. ಬೆಲ್ಲಿನ ಬಾಯಿಯ ಅಂಚನ್ನೂ ಸುತ್ತಲೂ ನೋಡಿ. ಬಿರುಕು ಶುರುವಾಗುವುದು ಅಲ್ಲಿಂದಲೇ.

ಶಾಂತಳ್ಳಿ ಮಳೆ:

ಅಣ್ಣ, ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಮ್ಮ ಸೋಮವಾರಪೇಟೆ ಕಡೆ, ಅದರಲ್ಲೂ ಪುಷ್ಪಗಿರಿ ಬದಿಗೆ, ಮಳೆ ಹಿಡಿದರೆ ಬಿಡುವುದೇ ಇಲ್ಲ. ಮಳೆಗೆ ಮೊದಲು, ಮೇ ತಿಂಗಳಲ್ಲೇ ಸೀಲ್ ಬದಲಿಸಬೇಕು ಅಲ್ವಾ? ನೀರು ಹೋದ ಮೇಲೆ ಬಿಚ್ಚಿ ಏನು ಪ್ರಯೋಜನ? ಹೋಗದ ಹಾಗೆ ಮಾಡಿಕೊಳ್ಳುವುದು ಜಾಣತನ.

ಗೋಣಿಕೊಪ್ಪ ಮೆಕ್ಯಾನಿಕ್:

ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಎರಡನ್ನೂ ಒಂದೇ ಕೆಲಸ ಅಂತ ನೋಡಬೇಡಿ. ಹೊರಗಿನ ಒರೆಸುವ ಸೀಲ್ ಇದೆಯಲ್ಲ, ಅದನ್ನು ಬದಲಿಸಲು ನಕಲ್ಲೇ ಹೊರಗೆ ಬರಬೇಕು. ಆದರೆ ಅದರ ತಗಡು ಬಿಚ್ಚಿ ಹಿಂದಕ್ಕೆ ಸರಿಸಿ, ಫೆಲ್ಟ್ ಒರೆಸಿ, ಸೀಲಿನ ಅಂಚು ನೋಡಿ, ಗ್ರೀಸ್ ಸವರಿ ಮತ್ತೆ ಬಿಗಿ ಮಾಡಲು ಬೇರೆ ಏನೂ ಬಿಚ್ಚಬೇಕಾಗಿಲ್ಲ. ಮೇ ತಿಂಗಳಲ್ಲಿ ಇಷ್ಟು ಮಾಡಿ. ಹರಿದಿದ್ದರೆ ಮಾತ್ರ ಆಗಲೇ ಬದಲಿಸಿ. ಶಾಫ್ಟು ಎಳೆದು ಜಾಯಿಂಟ್ ನೋಡುವ ಕೆಲಸ ಮಳೆ ಆದ ಮೇಲೆಯೇ. ನೀರು ಹೋಗಿದ್ದರೆ ಅದು ಮುಂದಿನ ಮಳೆಯವರೆಗೆ ಒಳಗೆ ಕೂತು ತುಕ್ಕು ಹಿಡಿಸುತ್ತದೆ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿಯೇ ಇಟ್ಟರೂ ತುಕ್ಕು ನಿಲ್ಲುವುದಿಲ್ಲ.

ಮತ್ತೆ, ನಾಪೋಕ್ಲು ಅಣ್ಣ ಪ್ರತಿ ವರ್ಷ ಬಿಚ್ಚಲೇಬೇಕು ಅನ್ನುತ್ತಾರೆ. ಹೊಳೆ ತೋಡು ದಾಟುವ ಗಾಡಿಗೆ ನಾನೂ ಒಪ್ಪುತ್ತೇನೆ. ಮನೆಯಿಂದ ಪೇಟೆಗೆ ಮಾತ್ರ ಓಡುವ ಗಾಡಿಗೆ ಅಷ್ಟು ಬೇಡ. ಎರಡು ವರ್ಷಕ್ಕೊಮ್ಮೆ ಸಾಕು. ಪದೇ ಪದೇ ಶಾಫ್ಟು ಎಳೆದರೆ ಒಳಗಿನ ಸೀಲಿಗೂ ಏಟು ಬೀಳುತ್ತದೆ. ಶಾಫ್ಟು ತೆಗೆದಾಗಲೆಲ್ಲ ಆ ಸೀಲ್ ಹೊಸದು ಹಾಕುವುದು ನನ್ನ ಪದ್ಧತಿ. ಸೀಲಿನ ಸ್ಪ್ರಿಂಗ್ ಕಾಣುವ ಮುಖ ಡಿಫರೆನ್ಷಿಯಲ್ ಕಡೆಗೆ ಬರಬೇಕು, ತಡೆಯಬೇಕಾದ ಎಣ್ಣೆ ಆ ಬದಿಯಲ್ಲಿದೆ.

ನಾಪೋಕ್ಲು ಜಿಪ್ಸಿ:

ಒಪ್ಪಿದೆ. ನೀರಿಗೆ ಇಳಿಯುವ ಗಾಡಿಗೆ ವರ್ಷಕ್ಕೊಮ್ಮೆ ಅಂತ ಓದಿಕೊಳ್ಳಿ. ಪೇಟೆ ಗಾಡಿಗೆ ಮೆಕ್ಯಾನಿಕ್ ಅಣ್ಣ ಹೇಳಿದ್ದೇ ಸರಿ.

ಶಾಂತಳ್ಳಿಯವರೇ, ನೀರು ಹೋಗದ ಹಾಗೆ ಮಾಡುವ ಇನ್ನೊಂದು ದಾರಿ ಇದೆ, ಅದನ್ನು ಯಾರೂ ಗಮನಿಸುವುದಿಲ್ಲ. ಆಕ್ಸಲ್ ಮೇಲೆ ಒಂದು ಸಣ್ಣ ಬ್ರೀದರ್, ಅಂದರೆ ಗಾಳಿಯಾಡುವ ಬಾಯಿ, ಇದೆ. ಗಾಡಿ ಓಡಿ ಆಕ್ಸಲ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಬಿಸಿ. ತಣ್ಣನೆ ತೋಡಿಗೆ ಇಳಿಸಿದ ತಕ್ಷಣ ಆ ಗಾಳಿ ಕುಗ್ಗುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿಹೋಗಿದ್ದರೆ ಗಾಳಿ ಸೀಲಿನ ಸಂದಿಯಿಂದ ಎಳೆದುಕೊಳ್ಳುತ್ತದೆ, ಗಾಳಿಯ ಜಾಗದಲ್ಲಿ ನೀರು ಬರುತ್ತದೆ. ಬ್ರೀದರ್ ತೆರೆದೇ ಇದ್ದು ನೀರಿನಲ್ಲಿ ಮುಳುಗಿದರೆ ಅಲ್ಲಿಂದಲೇ ನೀರು. ಹಾಗಾಗಿ ಅದಕ್ಕೆ ಎಣ್ಣೆ ತಡೆಯುವ ರಬ್ಬರ್ ಪೈಪ್ ಹಾಕಿ ಇಂಜಿನ್ ರೂಮಿನ ಮೇಲಿನವರೆಗೆ ತಂದು ಕಟ್ಟಿ, ಬಾಯಿ ಕೆಳಮುಖ ಮಾಡಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಪೈಪ್ ಸ್ವಲ್ಪ ಸಡಿಲ ಇರಲಿ. ತೋಡು ದಾಟುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿ ಆಕ್ಸಲ್ ತಣಿಯಲು ಬಿಟ್ಟರೆ ಇನ್ನೂ ಒಳ್ಳೆಯದು. ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ಬಂದಿದ್ದರೆ ಅದನ್ನೂ ಇಳಿಸಿ ಹೊಸದು ಹಾಕಿ.

ಪ್ರೆಶರ್ ಪಂಪಿನ ನೀರನ್ನು ಗುಂಡಿನ ಹಿಂಬದಿಗೆ ನೇರ ಹೊಡೆಯಬೇಡಿ ಅಂತ ತೊಳೆಯುವ ಹುಡುಗರಿಗೆ ಹೇಳಿ. ಅವರು ಒಳ್ಳೆಯದಾಗಲಿ ಅಂತಲೇ ಹೊಡೆಯುತ್ತಾರೆ. ಆದರೆ ಆ ಒತ್ತಡಕ್ಕೆ ಯಾವ ಫೆಲ್ಟೂ ನಿಲ್ಲುವುದಿಲ್ಲ. ಸಾದಾ ಪೈಪಿನ ನೀರು, ಬ್ರಶ್ ಸಾಕು.

ಮಕ್ಕಂದೂರು ಜೀಪು:

ನಂದು ಹಳೇ ಮಹೀಂದ್ರ ಜೀಪು. ಮಾಂದಲಪಟ್ಟಿಗೆ ಬಾಡಿಗೆ ಓಡಿಸುತ್ತೇನೆ. ಇದರಲ್ಲಿ ಗೋಲಿ ಜಾಯಿಂಟ್ ಇಲ್ಲ, ಕ್ರಾಸ್ (ಕೂಡು ಗುರುತಿನ ಆಕಾರದ ಕೀಲು) ಇದೆ. ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದರೆ ಸ್ಟೇರಿಂಗ್ ಕೈಯಲ್ಲಿ ಒದೆಯುತ್ತದೆ. ಕ್ರಾಸ್ ಹೊಸದು ಹಾಕಿದರೂ ಹೋಗಲಿಲ್ಲ. ಏನು ಮಾಡಬೇಕು?

ಗೋಣಿಕೊಪ್ಪ ಮೆಕ್ಯಾನಿಕ್:

ಅದು ಕ್ರಾಸಿನ ಗುಣ ಅಣ್ಣ, ರಿಪೇರಿಯಿಂದ ಹೋಗುವುದಿಲ್ಲ. ಒಂದೇ ಕ್ರಾಸ್ ಬಗ್ಗಿ ತಿರುಗುವಾಗ ಆಚೆ ಕಡೆಯ ಶಾಫ್ಟಿನ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಜೋರಾಗುತ್ತದೆ, ಎರಡು ಸಲ ನಿಧಾನ ಆಗುತ್ತದೆ. 30 ಡಿಗ್ರಿ ಬಗ್ಗಿದರೆ ಒಮ್ಮೆ ಸುಮಾರು ಶೇ 15ರಷ್ಟು ಜಾಸ್ತಿ, ಒಮ್ಮೆ ಶೇ 13ರಷ್ಟು ಕಮ್ಮಿ. ಕೈಗೆ ಸಿಗುವ ಒದೆತ ಅದೇ. ಈ ತೊಂದರೆ ತಪ್ಪಿಸಲೆಂದೇ 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಅನ್ನುವವರು ಆರು ಗೋಲಿಯ ಜಾಯಿಂಟ್ ತಂದರು. ಜಿಪ್ಸಿಯ ಜಾಯಿಂಟ್ ಅದೇ ಕುಲದ್ದು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪುಗಳಲ್ಲಿ ಬೆಂಡಿಕ್ಸ್, ಝೆಪ್ಪಾ, ಟ್ರ್ಯಾಕ್ಟಾ, ಸ್ಪೈಸರ್ ಅಂತ ನಾಲ್ಕು ತರದ್ದೂ ಬಂದಿದ್ದವು. ಸ್ಪೈಸರ್ ಅಂದರೆ ಕ್ರಾಸ್.

ನೀವು ನೋಡಬೇಕಾದದ್ದು ಕ್ರಾಸಿನ ತುದಿಗಳಿಗೆ ಕೂರುವ ಬಟ್ಟಲು. ಶಾಫ್ಟು ಹೊರಗೆ ತೆಗೆದು ಎರಡೂ ಕಡೆ ಹಿಡಿದು ತಿರುಚಿ. ಆಟ ಇದ್ದರೆ ಬದಲಿಸಿ. ಬಗ್ಗಿಸುವಾಗ ಒಂದೊಂದು ಕಡೆ ಹಿಡಿದು ಹಿಡಿದು ಹೋದರೆ ಒಳಗಿನ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ. ಹೊಸ ಕ್ರಾಸ್ ಹಾಕುವಾಗ ಬಟ್ಟಲನ್ನು ವೈಸಿನಲ್ಲಿ ಒತ್ತಿ ಕೂರಿಸಿ, ಸುತ್ತಿಗೆ ಏಟು ಬೇಡ. ಒಂದು ಸೂಜಿ ಅಡ್ಡ ಬಿದ್ದರೂ ಬಟ್ಟಲು ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಜೋರು ಮಾಡದೆ ಮತ್ತೆ ತೆಗೆದು ನೋಡಿ.

ಮಕ್ಕಂದೂರು ಜೀಪು:

ಗೊತ್ತಾಯಿತು ಅಣ್ಣ, ಮನಸ್ಸಿಗೆ ಸಮಾಧಾನ ಆಯಿತು. ನಮ್ಮ ಕಡೆ ಈ ಗಾಡಿಗಳ ಬೆಲೆ ಗೊತ್ತಾಗಿದ್ದು 2018ರ ಆಗಸ್ಟಿನಲ್ಲಿ. ಗುಡ್ಡ ಕುಸಿದು ರಸ್ತೆಗಳೆಲ್ಲ ಹೋದಾಗ ಕೆಸರಿನಲ್ಲಿ ಒಳಗೆ ಹೋಗಿ ಬರಲು ಫೋರ್ ವೀಲ್ ಗಾಡಿಯೇ ಬೇಕಾಯಿತು. ಅಂಥ ಹೊತ್ತಲ್ಲಿ ಮುಂದಿನ ಆಕ್ಸಲ್ ಕೈ ಕೊಟ್ಟರೆ ನಾಲ್ಕು ಚಕ್ರ ಇದ್ದೂ ಪ್ರಯೋಜನ ಇಲ್ಲ. ಅದಕ್ಕೇ ಕೇಳಿದ್ದು.

ವಿರಾಜಪೇಟೆ ಥಾರ್:

ನಮಸ್ತೆ. ಮನೆಯಲ್ಲಿ 2020ರ ಮೇಲೆ ಬಂದ ಹೊಸ ಥಾರ್ ಇದೆ. ನಾನೇ ಓಡಿಸುವುದು, ನೋಡಿಕೊಳ್ಳುವುದೂ ನಾನೇ. ಇದರಲ್ಲಿ ನೀವು ಹೇಳುವ ಗುಂಡು, ಕಿಂಗ್ ಪಿನ್ ಯಾವುದೂ ಕಾಣುವುದಿಲ್ಲ. ನಮಗೆ ಏನು ಕೆಲಸ?

ನಾಪೋಕ್ಲು ಜಿಪ್ಸಿ:

ಅಕ್ಕ, ನಿಮ್ಮದರಲ್ಲಿ ಮುಂದೆ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್. ಜಾಯಿಂಟ್ ಬಯಲಲ್ಲೇ ಇದೆ, ಸೀಲಿನ ಬದಲು ಸುಕ್ಕು ಸುಕ್ಕಾದ ರಬ್ಬರ್ ಬೂಟ್ ಅದನ್ನು ಕಾಯುತ್ತದೆ. ಬೂಟ್ ಸರಿ ಇದ್ದರೆ ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಟಾರ್ಚ್ ಹಿಡಿದು ಒಂದೊಂದು ಸುಕ್ಕನ್ನೂ ಬೆರಳಲ್ಲಿ ಬಿಡಿಸಿ ನೋಡಿ. ಸೀಳು ಯಾವಾಗಲೂ ಸುಕ್ಕಿನ ಆಳದಲ್ಲೇ ಶುರುವಾಗುವುದು. ಚಕ್ರದ ಒಳಬದಿಗೆ, ಪಕ್ಕದ ಸಸ್ಪೆನ್ಷನ್ ಆರ್ಮ್‌ಗೆ ಗ್ರೀಸ್ ಚಿಮ್ಮಿದ ಗೆರೆ ಕಂಡರೆ ಬೂಟ್ ಹರಿದಿದೆ ಅಂತ ಅರ್ಥ. ತೋಟದ ದಾರಿಯಲ್ಲಿ ಕಡಿದ ಕಾಫಿ ಬೊಡ್ಡೆ, ಕೋಲು ಚುಚ್ಚುವುದು ಜಾಸ್ತಿ. ಹರಿದ ಕೂಡಲೇ ಸಿಕ್ಕಿದರೆ ಜಾಯಿಂಟ್ ತೊಳೆದು ಹೊಸ ಗ್ರೀಸ್, ಹೊಸ ಬೂಟ್ ಹಾಕಿದರೆ ಉಳಿಯುತ್ತದೆ. ತಡ ಆದರೆ ಜಾಯಿಂಟೇ ಬದಲಿಸಬೇಕು. ಮನೆಯಲ್ಲೇ ಮಾಡುವುದಾದರೆ ಚಕ್ರದ ಹತ್ತಿರ ಎಬಿಎಸ್ (ಬ್ರೇಕ್ ಸೆನ್ಸರಿನ) ವೈರ್ ಇರುತ್ತದೆ, ಎಳೆಯದೆ ಬಿಚ್ಚಿ ಪಕ್ಕಕ್ಕಿಡಿ.

ವಿರಾಜಪೇಟೆ ಥಾರ್:

ಈಗಲೇ ಹೋಗಿ ನೋಡಿದೆ. ಎಡಗಡೆ ಹೊರಗಿನ ಬೂಟಿನಲ್ಲಿ ಸಣ್ಣ ಸೀಳು ಇದೆ, ಗ್ರೀಸ್ ಇನ್ನೂ ಹೊರಗೆ ಬಂದಿಲ್ಲ. ಈ ವಾರವೇ ಬದಲಿಸುತ್ತೇನೆ. ತುಂಬಾ ಥ್ಯಾಂಕ್ಸ್.

ಕುಶಾಲನಗರ ಹೊಸಬ:

ಅಣ್ಣ, ನೀವು ಹೇಳಿದ ಹಾಗೆ ಗದ್ದೆಯಲ್ಲಿ ಓಡಿಸಿ ನೋಡಿದೆ. ಬಲಗಡೆ ಟಕ್ ಟಕ್ ಸ್ಪಷ್ಟ. ಬಿಚ್ಚಲು ತಯಾರಾಗಿದ್ದೇನೆ. ಕಿಂಗ್ ಪಿನ್ ಬೇರಿಂಗ್ ಬಗ್ಗೆ, ಮತ್ತೆ ಗ್ರೀಸ್ ಯಾವುದು, ಎಷ್ಟು ಅಂತ ಸ್ವಲ್ಪ ಬಿಡಿಸಿ ಹೇಳಿ.

ನಾಪೋಕ್ಲು ಜಿಪ್ಸಿ:

ಶಾಫ್ಟು ತೆಗೆದ ಮೇಲೆ ಟೈ ರಾಡ್ ಎಂಡನ್ನು ಪುಲ್ಲರ್ ಹಾಕಿ ಬಿಡಿಸಿ. ಹಿಂದಿನ ತಗಡಿನ ಬೋಲ್ಟುಗಳನ್ನು ತೆಗೆಯಿರಿ. ಆಮೇಲೆ ಮೇಲಿನ ಮತ್ತು ಕೆಳಗಿನ ಕಿಂಗ್ ಪಿನ್. ಎರಡಕ್ಕೂ ಗುರುತು ಹಾಕಿ, ಅದಲು ಬದಲು ಆಗಬಾರದು. ಪ್ರತಿ ಪಿನ್ ಕೆಳಗೆ ತೆಳ್ಳಗಿನ ಶಿಮ್ (ಸಂದಿ ಹೊಂದಿಸುವ ತಗಡು) ಇರುತ್ತದೆ. ಅದನ್ನು ಅದರ ಪಿನ್ನಿಗೇ ತಂತಿಯಲ್ಲಿ ಕಟ್ಟಿಡಿ. ನಕಲ್ ಎಳೆಯುವಾಗ ಕೆಳಗಿನ ಬೇರಿಂಗ್ ಬೀಳುತ್ತದೆ, ಕೈ ಒಡ್ಡಿ ಹಿಡಿಯಿರಿ.

ಬೇರಿಂಗಿನ ಕಪ್ (ರೋಲರ್ ಕೂರುವ ಹೊರಗಿನ ಬಳೆ) ಒರೆಸಿ ಬೆಳಕಿಗೆ ಹಿಡಿದು ನೋಡಿ. ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ, ಸ್ವಲ್ಪ ಸ್ವಲ್ಪ ಆಡುತ್ತದೆ ಅಷ್ಟೆ. ಹಾಗಾಗಿ ಗಾಡಿ ನೇರ ಓಡುವ ಸ್ಥಿತಿಯಲ್ಲಿ ರೋಲರ್ ಒತ್ತಿ ಒತ್ತಿ ಸಾಲಾಗಿ ಗೆರೆ ಬೀಳುತ್ತದೆ. ಉಗುರಿಗೆ ಆ ಗೆರೆ ಸಿಕ್ಕಿದರೆ ಬೇರಿಂಗ್, ಕಪ್ ಎರಡನ್ನೂ ಬದಲಿಸಿ. ಹೊಸ ರೋಲರಿಗೆ ಹಳೇ ಕಪ್ ಬೇಡ. ಕಪ್ ಮೇಲೆ ಹಿತ್ತಾಳೆ ಕಡ್ಡಿ ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿ. ಪೂರ್ತಿ ಕೂತಾಗ ಸುತ್ತಿಗೆಯ ಶಬ್ದವೇ ಬದಲಾಗುತ್ತದೆ.

ಬಿಗಿ ನೋಡಲು ಕರಿಮೆಣಸು ತೂಗುವ ಕೊಕ್ಕೆ ತಕ್ಕಡಿ ಸಾಕು. ಸಣ್ಣದು ಇರಲಿ, ದೊಡ್ಡ ತಕ್ಕಡಿಯಲ್ಲಿ ಕಮ್ಮಿ ತೂಕ ಓದಲಾಗುವುದಿಲ್ಲ. ಹಿಂದಿನ ಸೀಲ್ ಹಾಕುವ ಮೊದಲು, ನಕಲ್ ಮತ್ತು ಕಿಂಗ್ ಪಿನ್ ಮಾತ್ರ ಕಟ್ಟಿ. ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ನೇರವಾಗಿ ಎಳೆಯಿರಿ. ನಕಲ್ ಅಲುಗಲು ಶುರುವಾದಾಗ ಮುಳ್ಳು ಒಂದರಿಂದ ಎರಡು ಕೆಜಿಯ ನಡುವೆ ಇರಬೇಕು. ಜಾಸ್ತಿ ಇದ್ದರೆ ಒಂದು ಶಿಮ್ ಸೇರಿಸಿ, ಕಮ್ಮಿ ಇದ್ದರೆ ತೆಗೆಯಿರಿ. ಮೇಲೂ ಕೆಳಗೂ ಹೆಚ್ಚು ಕಮ್ಮಿ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ನಕಲ್ ನಡುವಿನಿಂದ ಸರಿದು ಶಾಫ್ಟು ಒಂದು ಬದಿಗೆ ಉಜ್ಜುತ್ತದೆ. ಬೋಲ್ಟುಗಳ ಟಾರ್ಕ್ ಮಾತ್ರ ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕ ನೋಡಿಯೇ ಹಾಕಿ. 970 ಸಿಸಿಯ ಹಳೇ ಜಿಪ್ಸಿಗೂ 1996ರ ನಂತರದ ಜಿಪ್ಸಿ ಕಿಂಗ್‌ಗೂ ಪುಸ್ತಕ ಬೇರೆ ಬೇರೆ.

ಗ್ರೀಸ್: ಜಾಯಿಂಟಿಗೆ ಮಾಲಿಬ್ಡಿನಮ್ ಇರುವ ಲಿಥಿಯಂ ಗ್ರೀಸ್, ಕಪ್ಪಗೆ ಇರುತ್ತದೆ. ವೀಲ್ ಬೇರಿಂಗಿಗೆ ಬಿಸಿ ತಡೆಯುವ ಬೇರಿಂಗ್ ಗ್ರೀಸ್. ಹಳೇದರ ಮೇಲೆ ಹೊಸದು ತುಂಬಬೇಡಿ, ಎರಡು ಜಾತಿಯ ಗ್ರೀಸ್ ಸೇರಿದರೆ ತೆಳ್ಳಗಾಗಿ ಹರಿದು ಹೋಗಬಹುದು. ಅಂಗೈಯಲ್ಲಿ ಗ್ರೀಸ್ ಇಟ್ಟು ಗೋಲಿಗಳ ನಡುವೆ ಒತ್ತಿ, ಶಾಫ್ಟು ಆ ಕಡೆ ಈ ಕಡೆ ಬಗ್ಗಿಸುತ್ತಾ ಮತ್ತೆ ಒತ್ತಿ. ಎಲ್ಲ ಸಂದಿಯಿಂದ ಗ್ರೀಸ್ ಉಕ್ಕಿ ಬರಬೇಕು. ಗುಂಡಿನೊಳಗೂ ಹಾಕಿ, ಆದರೆ ಪೂರ್ತಿ ತುಂಬಬೇಡಿ. ಬಿಸಿಯಾದಾಗ ಹಿಗ್ಗಲು ಜಾಗ ಇಲ್ಲದಿದ್ದರೆ ಸೀಲನ್ನೇ ತಳ್ಳಿ ಹೊರಗೆ ಬರುತ್ತದೆ. ಸ್ಟಬ್ಬಿನ ಒಳಗಿನ ಬುಷ್ ಮರೆಯಬೇಡಿ, ಅಲ್ಲಿಗೆ ಗ್ರೀಸ್ ಹಾಕುವವರೇ ಕಮ್ಮಿ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ಡಿಸ್ಕಿಗೆ, ಪ್ಯಾಡಿಗೆ ಗ್ರೀಸಿನ ಕೈ ತಾಗಿದ್ದರೆ ಬ್ರೇಕ್ ಕ್ಲೀನರಿನಲ್ಲಿ ಒರೆಸಿಯೇ ಹಾಕಿ. ತೊಳೆದ ಡೀಸೆಲ್, ಹಳೇ ಗ್ರೀಸ್ ತೋಡಿಗೆ ಚೆಲ್ಲಬೇಡಿ. ನಮ್ಮ ತೋಡಿನ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ. ಡಬ್ಬದಲ್ಲಿ ತುಂಬಿಸಿ, ಹಳೇ ಆಯಿಲ್ ತಗೊಳ್ಳುವವರಿಗೆ ಕೊಡಿ.

ಕುಶಾಲನಗರ ಹೊಸಬ:

ಬಿಚ್ಚಿದೆ ಅಣ್ಣ. ಬಲಗಡೆ ಎರಡು ಸಾಲಿನಲ್ಲಿ ಗುಳಿ, ಗ್ರೀಸ್ ಕಂದು ಬಣ್ಣ. ಹೊಸ ಜಾಯಿಂಟ್ ತರಿಸುತ್ತಿದ್ದೇನೆ. ಎಡಗಡೆ ಚೆನ್ನಾಗಿದೆ, ತೊಳೆದು ಗ್ರೀಸ್ ಹಾಕುತ್ತೇನೆ. ವೀಲ್ ಬೇರಿಂಗ್ ನಟ್ಟು ಎಷ್ಟು ಬಿಗಿ ಮಾಡಬೇಕು?

ಗೋಣಿಕೊಪ್ಪ ಮೆಕ್ಯಾನಿಕ್:

ಹಬ್ ಸುತ್ತಿಸುತ್ತಾ ನಟ್ಟು ಬಿಗಿ ಮಾಡಿ, ಬೇರಿಂಗ್ ತನ್ನ ಜಾಗದಲ್ಲಿ ಕೂರಲಿ. ಆಮೇಲೆ ಪೂರ್ತಿ ಸಡಿಲ ಮಾಡಿ, ಮತ್ತೆ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ. ಮುಗಿದ ಮೇಲೆ ಹಬ್ ಕೈಯಲ್ಲಿ ಸರಾಗ ಸುತ್ತಬೇಕು, ಅಲ್ಲಾಡಿಸಿದರೆ ಆಟ ಇರಬಾರದು. ಲಾಕ್ ವಾಷರ್ ಹಳೇದು ಮಡಚಿ ಮಡಚಿ ಸೋತಿದ್ದರೆ ಹೊಸದೇ ಹಾಕಿ. ಶಾಫ್ಟು ತೆಗೆದಾಗ ಚೆಲ್ಲಿದ ಡಿಫರೆನ್ಷಿಯಲ್ ಆಯಿಲ್ ಮತ್ತೆ ತುಂಬಿಸಿ. 80ಡಬ್ಲ್ಯು-90, ಜಿಎಲ್-5 ಗೇರ್ ಆಯಿಲ್ ಅಂತ ಕೇಳಿ ತಗೊಳ್ಳಿ. ಲೆವೆಲ್ ಬೋಲ್ಟಿನ ತೂತಿನವರೆಗೆ ಬಂದರೆ ಸಾಕು.

ಮಡಿಕೇರಿಗೆ ಒಮ್ಮೆ ಹೋಗಿ ಬನ್ನಿ. ಇಳಿದ ತಕ್ಷಣ ಎರಡೂ ಹಬ್ಬಿನ ನಡುಭಾಗಕ್ಕೆ ಕೈ ಇಟ್ಟು ನೋಡಿ. ಡಿಸ್ಕಿಗೆ ಮಾತ್ರ ತಾಗಬೇಡಿ, ಘಟ್ಟ ಇಳಿದ ಬ್ರೇಕ್ ಸುಡುತ್ತಿರುತ್ತದೆ. ಎರಡೂ ಒಂದೇ ಬೆಚ್ಚಗಿದ್ದರೆ ಸರಿ. ಒಂದು ಕಡೆ ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಬದಿಯ ನಟ್ಟು ಜಾಸ್ತಿ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿಯುತ್ತಿದೆ, ಎತ್ತಿ ಸುತ್ತಿಸಿದರೆ ಯಾವುದು ಅಂತ ಗೊತ್ತಾಗುತ್ತದೆ. ಟೈ ರಾಡಿನ ಕಾಟರ್ ಪಿನ್, ಕಿಂಗ್ ಪಿನ್ ಬೋಲ್ಟು, ಹಿಂದಿನ ತಗಡಿನ ಬೋಲ್ಟುಗಳನ್ನು ಅದೇ ದಿನ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿಬಿಡಿ. ಹೊಸ ಫೆಲ್ಟಿನಿಂದ ಮೊದಲ ದಿನಗಳಲ್ಲಿ ಗುಂಡಿನ ಮೇಲೆ ತೆಳ್ಳಗೆ ಗ್ರೀಸ್ ಕಂಡರೆ ಹೆದರಬೇಡಿ, ಅಷ್ಟು ಇರಲೇಬೇಕು. ತೊಟ್ಟಿಕ್ಕಿದರೆ ಮಾತ್ರ ಇಲ್ಲಿ ಫೋಟೊ ಹಾಕಿ.